ಹೊಸ ಬೆಳ್ಳಿಗೆ ವಯಸ್ಸು ತುಂಬುವ ಮಸಿಯಕ್ಕ

ಬೆಳಗಿನ ಐದೂವರೆ. ಬೀದಿಯ ಅಂಗಡಿಗಳ ಶಟರ್ ಇನ್ನೂ ಮೇಲೆದ್ದಿಲ್ಲ. ಒಡವೆ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಗಂಧಕ ಬೆರೆಸಿದ ಬಿಸಿನೀರಿನ ಬೋಗುಣಿಗೆ ಮಸಿಯಕ್ಕ ಪಳಪಳ ಹೊಳೆಯುವ ಬೆಳ್ಳಿ ಸರವೊಂದನ್ನು ಇಳಿಬಿಡುತ್ತಾರೆ. ಹತ್ತು ಎಣಿಸುವಷ್ಟರಲ್ಲಿ ಅದು ಕಪ್ಪಿಟ್ಟುಹೋಗುತ್ತದೆ. ಎತ್ತಿ, ತೊಳೆದು, ಉಬ್ಬಿದ ಕಡೆ ಮಾತ್ರ ಬಟ್ಟೆಯಿಂದ ಉಜ್ಜುತ್ತಾರೆ. ಸಂದಿಯ ಕಪ್ಪು ಹಾಗೇ ಉಳಿಯುತ್ತದೆ. ನಿನ್ನೆ ಯಂತ್ರದಿಂದ ಹೊರಬಿದ್ದ ಸರಕ್ಕೆ ಐದು ನಿಮಿಷದಲ್ಲಿ ಎಂಬತ್ತು ವರ್ಷ ತುಂಬಿತು.

ಕೊಳೆತ ಮೊಟ್ಟೆಯಂಥ ಈ ವಾಸನೆ ಗಿರಾಕಿಗಳ ಮೂಗಿಗೆ ಬಡಿಯಬಾರದು. ಹಾಗಾಗಿ ಬಾಗಿಲು ತೆರೆಯುವುದರೊಳಗೆ ದಿನದ ನಲವತ್ತು ಒಡವೆ ಮುಗಿಯಬೇಕು. ಮಸಿಯಕ್ಕನಿಗೆ ಈ ಕೆಲಸ ಇನ್ನು ಒಂಬತ್ತು ಬೆಳಗು ಮಾತ್ರ. ಆಮೇಲೆ ಬರಬೇಡ ಎಂದಿದ್ದಾರೆ ಯಜಮಾನರು.

ಇಪ್ಪತ್ತೇಳು ವರ್ಷದ ಹಿಂದೆ, ಗಂಡ ತೀರಿಕೊಂಡ ವರ್ಷ, ಅವರು ಇಲ್ಲಿ ಸೇರಿದ್ದು ಇದರ ತದ್ವಿರುದ್ಧದ ಕೆಲಸಕ್ಕೆ. ಅಜ್ಜಿಯರ ಕೆತ್ತನೆಯ ಬಳೆ, ದಪ್ಪ ಸರ, ತಿರುಪಿನ ಓಲೆಗಳು ಆಗ ಯಾರಿಗೂ ಬೇಡವಾಗಿದ್ದವು. ಒಂದಷ್ಟನ್ನು ಉಜ್ಜಿ ಹೊಸದರಂತೆ ಮಾಡುವುದು, ಉಳಿದವುಗಳ ಕಲ್ಲು ಬಿಡಿಸಿ ಕರಗಿಸಲು ಕಳಿಸುವುದು. ಆಮೇಲೆ ಕೂದಲೆಳೆಯಂಥ ಚೈನುಗಳ ಕಾಲ ಬಂತು. ಅದರ ಬೆನ್ನಿಗೇ, ಒಂದು ಗೆರೆಯೂ ಇಲ್ಲದ ಕನ್ನಡಿ ನುಣುಪಿನ ಬಿಳಿ ಒಡವೆಗಳು. ಹತ್ತು ವರ್ಷದಿಂದೀಚೆಗೆ ಗಾಳಿ ತಿರುಗಿದೆ. ಮೊಮ್ಮಕ್ಕಳಿಗೆ ಅಜ್ಜಿಯ ನಮೂನೆಯೇ ಬೇಕು. ಅಜ್ಜಿಯ ಒಡವೆ ಎಂದೋ ಕರಗಿಹೋಗಿದೆ.

“ಆಗ ಹಳೇದನ್ನ ಹೊಸದು ಮಾಡು ಅಂದ್ರು, ಮಾಡ್ದೆ. ಈಗ ಹೊಸದನ್ನ ಹಳೇದು ಮಾಡು ಅಂತಾರೆ. ಯಾರೂ ಏನೂ ಮಾಡದೆ ಹಳೇದಾಗಿದ್ದು ನಾನೊಬ್ಳೇ” ಎಂದು ನಗುತ್ತಾರೆ. ನಗು ಕೆಮ್ಮಿನಲ್ಲಿ ಮುಗಿಯುತ್ತದೆ. ಬೆರಳ ತುದಿಯ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ. ಅಡ್ಡಹೆಸರು ಬಂದದ್ದೇ ಅದರಿಂದ. ಅಮ್ಮ ಮನೆಗೆ ಬಂದದ್ದನ್ನು ಮೊದಲು ಮೂಗು ಹೇಳುತ್ತದೆ ಎಂದು ಮಗಳು ರೇಗಿಸುತ್ತಾಳಂತೆ.

ಕೆಲಸಕ್ಕೆ ಕುತ್ತು ಬಂದದ್ದು ಹೋದ ತಿಂಗಳು. ವಯಸ್ಸಾದ ಹೆಂಗಸೊಬ್ಬರು ತಾಯಿಯ ಬೆಳ್ಳಿ ಸರ ಮಾರಲು ಬಂದಿದ್ದರು. ಹಳೆಯ ಕೆಲಸವೆಂದು ಒಪ್ಪಿದರೆ ಹೆಚ್ಚು ಬೆಲೆ ಕೊಡಬೇಕು. ಯಜಮಾನರು ಇದು ಈಚಿನದು, ಬರೀ ಬೆಳ್ಳಿಯ ತೂಕಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ಹೆಂಗಸು ಜಗ್ಗಲಿಲ್ಲ. ಸಾಕ್ಷಿಗೆಂದು ನೆಲಮಾಳಿಗೆಯಿಂದ ಮಸಿಯಕ್ಕನನ್ನು ಕರೆಸಿದರು. ಏನು ಹೇಳಬೇಕೆಂಬುದನ್ನು ಯಜಮಾನರ ಕಣ್ಣೇ ಹೇಳುತ್ತಿತ್ತು.

ಮಸಿಯಕ್ಕ ಸರ ತಿರುವಿ, ಕೊಂಡಿಗಳ ಒಳಬದಿ ನೋಡಿದರು. ಒಂದನ್ನೊಂದು ಎಳೆಯುವ ಕಡೆ ಅವು ಸವೆದು ತೆಳ್ಳಗಾಗಿದ್ದವು.

“ಇದು ಹಳೇದೇ ಅಮ್ಮ. ಕಪ್ಪು ಬಣ್ಣ ನಾನೂ ತರ್ತೀನಿ. ಕೊಂಡಿ ಕೊಂಡೀನ ತಿನ್ನೋದು ನನ್ನ ಕೈಲಾಗಲ್ಲ. ಅದಕ್ಕೆ ಒಂದು ಕುತ್ತಿಗೆ ಬೇಕು, ಅರವತ್ತು ವರ್ಷ ಬೇಕು.”

ಹೆಂಗಸು ಸರವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದರು. ಆದರೆ ‘ನಾನೂ ತರ್ತೀನಿ’ ಎಂಬ ಮಾತು ಪಕ್ಕದಲ್ಲಿದ್ದ ಗಿರಾಕಿಗಳ ಕಿವಿಗೂ ಬಿದ್ದಿತ್ತು. ‘ಹಳೆಯ ಕಾಲದ ಒಡವೆ’ ಎಂಬ ಚೀಟಿ ಕಟ್ಟಿದ್ದ ಗಾಜಿನ ಪೆಟ್ಟಿಗೆಯತ್ತ ನೋಡಿದ ಇಬ್ಬರು, ಆರಿಸಿದ್ದನ್ನು ಅಲ್ಲೇ ಇಟ್ಟು ನಡೆದರು. ಅಂದು ಸಂಜೆಯೇ ಯಜಮಾನರು ತಿಂಗಳ ಗಡುವು ಕೊಟ್ಟರು. ಇಪ್ಪತ್ತೇಳು ವರ್ಷದ ಬಗ್ಗೆ ಚಕಾರವಿಲ್ಲ. ಇವರ ಕೈಚಳಕ ಕಲಿಯಲು ಮಾತ್ರ ದಿನಾ ಒಬ್ಬ ಪಕ್ಕದಲ್ಲಿ ಕೂರುತ್ತಾನೆ. ಮಸಿಯಕ್ಕ ಏನನ್ನೂ ಮುಚ್ಚಿಡದೆ ಕಲಿಸುತ್ತಿದ್ದಾರೆ.

ಹೂಂ ಅಂದುಬಿಟ್ಟಿದ್ದರೆ ಹೊಟ್ಟೆಪಾಡು ನಡೆಯುತ್ತಿತ್ತಲ್ಲ ಎಂದರೆ, ಮುಂದಿನ ಸರವನ್ನು ಬೋಗುಣಿಗೆ ಇಳಿಬಿಡುತ್ತಾ ಹೇಳುತ್ತಾರೆ:

“ನಡೀತಿತ್ತು. ಆದ್ರೆ ಕೈಗೆ ಗೊತ್ತಿರೋದನ್ನ ಬಾಯಿ ಅಲ್ಲ ಅಂದ್ರೆ, ಮಾರನೇ ದಿನ ಆ ಕೈ ನನ್ನ ಮಾತು ಯಾಕೆ ಕೇಳ್ಬೇಕು?”