ಪೂಜೆಗೆ ಕೂತ ಅಕ್ಕ

ಅಕ್ಕನಿಗೆ ಶುಗರ್. ಔರಾದಿನಲ್ಲಿ ಗಂಡ ತೀರಿಹೋದ ಮೇಲೆ ನೌಬಾದಿನ ನಮ್ಮ ಮನೆಗೆ ಬಂದಳು. ಬೆಳಿಗ್ಗೆ ತಾನೇ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಮನೆಯವರೊಬ್ಬರು ಒಳಗೆ ಬಂದು ಸೂಜಿ-ಊಟದ ವಿಷಯ ತಿಳಿದುಕೊಳ್ಳಲಿ ಎಂದು ಭಾಲ್ಕಿಯ ಡಾಕ್ಟರು ಪ್ರತಿಸಲ ಹೇಳಿ ಕಳಿಸುತ್ತಿದ್ದರು. ಅಕ್ಕನ ಜೊತೆ ಹೋದರೂ ನಾನು ದವಾಖಾನೆಯ ಹೊರಗಿನ ಚಹಾದಂಗಡಿ ಬಿಟ್ಟು ಏಳುತ್ತಿರಲಿಲ್ಲ. ನಾಲ್ಕನೆಯ ಇಯತ್ತೆ ಕಲಿತವನಿಗೆ ಅದೆಲ್ಲ ಏನು ತಿಳಿಯುತ್ತದೆ ಎಂಬುದು ನನ್ನ ನೆಪ.

ಪಕ್ಕದ ಮನೆಯವರು ಚರ್ಚಿಗೆ ಹೋಗುವವರು. ಆ ಮನೆಯ ಟೀಚರ್ ಬಾಯಿಯ ಗಂಡನಿಗೂ ಇದೇ ಕಾಯಿಲೆ. ಅವರು ಸೂಜಿ ಹಿಡಿಯುವ ಮೊದಲೇ ಮಕ್ಕಳು ತಾಟು ಹಾಕಿರುತ್ತಿದ್ದರು. ಊಟದ ಪ್ರಾರ್ಥನೆ ಉದ್ದವಾದರೆ ಗೋಡೆಯಾಚೆಯಿಂದ ಮಗಳ ದನಿ ಕೇಳುತ್ತಿತ್ತು: "ಅಪ್ಪಾ, ಲಗೂನ ಆಮೆನ್ ಅನ್ನು. ಇಲ್ಲಂದ್ರ ಸೀದಾ ದೇವರ ಹತ್ರಾನ ಹೋಗ್ತಿ." ನಾವು ನಗುತ್ತಿದ್ದೆವು. ನಮ್ಮಲ್ಲಿ ಲಿಂಗಪೂಜೆಗೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ.

ಒಂದು ಶ್ರಾವಣ ಸೋಮವಾರ ಅಕ್ಕ ಸೂಜಿ ಹಾಕಿಕೊಂಡು, ಏನೂ ತಿನ್ನದೆ ಪೂಜೆಗೆ ಕೂತಳು. ನಾನು ನೋಡಿದೆ, ನೋಡಿ ಸುಮ್ಮನಿದ್ದೆ.

ಬಹಳ ಹೊತ್ತಾದ ಮೇಲೆ ಇಣುಕಿದೆ. ಎಡ ಅಂಗೈಯಲ್ಲಿ ಲಿಂಗ. ಅರ್ಧ ತೆರೆದ ಕಣ್ಣು, ರೆಪ್ಪೆ ಬಡಿಯುತ್ತಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಬೆಳ್ಳಗೆ ಇಳಿದಿತ್ತು. ತುಟಿಗಳು ದನಿಯಿಲ್ಲದೆ ಆಡುತ್ತಿದ್ದವು. ನನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ ಅತ್ತ ನೋಡಿ ಸಣ್ಣಗೆ ನಗುತ್ತಿದ್ದಳು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಅವಳಿಗೆ ಏನೋ ಕಂಡಿದೆ ಅಂದುಕೊಂಡೆ. ನನ್ನದಿನ್ನೂ ಸ್ನಾನವಾಗಿರಲಿಲ್ಲ. ಹೊಸ್ತಿಲಲ್ಲೇ ಕೈಮುಗಿದು ಬಾಗಿಲು ಮುಂದೆ ಮಾಡಿ ಬಂದೆ.

ಅಂಗಳದಲ್ಲಿದ್ದ ಟೀಚರ್ ಬಾಯಿಗೆ, ಅಕ್ಕನಿಗೆ ಶಿವನೇ ಕಂಡಿದ್ದಾನೆಂದು ಹೆಮ್ಮೆಯಿಂದ ಹೇಳಿದೆ.

"ಸೂಜಿ ತಗೊಂಡಾರೇನ್ರಿ?"

ಹೂಂ ಎಂದೆ. ಅವರು ಚಪ್ಪಲಿಯನ್ನೂ ಬಿಡದೆ ದೇವರ ಕೋಣೆಗೆ ನುಗ್ಗಿದರು. "ಶುಗರ್ ಪೂರಾ ಇಳದದ" ಎಂದು ಸಕ್ಕರೆ ತರಿಸಿ, ಅಕ್ಕನ ದವಡೆ ಹಿಡಿದು ಒಸಡಿಗೆ ತಿಕ್ಕಿದರು. ಎಷ್ಟೋ ಹೊತ್ತಿನ ಮೇಲೆ ಆ ನಗು ಅಳಿಸಿಹೋಗಿ ಅಕ್ಕನ ಮುಖ ಮರಳಿ ಬಂತು.

ಸಂಜೆ ಅಕ್ಕ ಮೆಲ್ಲಗೆ ಹೇಳಿದಳು: "ನೀ ಬಾಗಿಲ್ದಾಗ ನಿಂತಿದ್ದಿ, ನನಗ ಕಾಣ್ತಿತ್ತು. ತಮ್ಮಾ, ತಮ್ಮಾ ಅಂತ ಒದರ್ಲಿಕತ್ತಿದ್ದೆ. ನೀ ಕೈ ಮುಗದು ಹೋದಿ."

ಈಗ ಪೂಜೆ ಮುಗಿದ ಮೇಲೇ ಸೂಜಿ. ಭಾಲ್ಕಿಯಲ್ಲಿ ನಾನೂ ಡಾಕ್ಟರ ಎದುರು ಕೂರುತ್ತೇನೆ. ಆದರೂ ಅವಳು ಪೂಜೆಗೆ ಕೂತಾಗ ಹೊರಗಿನಿಂದ "ಅಕ್ಕಾ" ಎಂದು ಕರೆಯುತ್ತೇನೆ. ಹೂಂ ಎನ್ನುತ್ತಾಳೆ. ಕೆಲವು ದಿನ ಆ ಹೂಂ ಬಹಳ ತಡವಾಗಿ ಬರುತ್ತದೆ. ಬೇಕೆಂದೇ ತಡ ಮಾಡುತ್ತಾಳೋ ಏನೋ, ಕೇಳಲು ನನಗೆ ಧೈರ್ಯವಿಲ್ಲ.