ಕಾಲುಚೀಲದಕ್ಕನ ಎರಡನೇ ನಡಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಳಿ ಶೆಡ್ಡಿನ ಬಾಗಿಲೊಳಗೆ ಒಬ್ಬ ಹೆಂಗಸು ಗೋಡೆಗೆ ಒರಗಿ, ಒಂಟಿಕಾಲಲ್ಲಿ ನಿಂತು, ಬೂಟಿನ ಮೇಲೆ ಬಿಳಿ ಬಟ್ಟೆಯ ಚೀಲ ಏರಿಸುತ್ತಿದ್ದಾರೆ. ಆಮೇಲೆ ಕೋಳಿಗಳ ನಡುವೆ ಆ ತುದಿಯವರೆಗೂ ಕಾಲೆಳೆಯುತ್ತ ನಡೆಯುತ್ತಾರೆ. ಹಿಕ್ಕೆ ಮೆತ್ತಿದಷ್ಟೂ ಅವರಿಗೆ ಖುಷಿ.

"ಕೊಳೆ ಆಗ್ಲಿಲ್ಲ ಅಂದ್ರೆ ಕೆಲಸ ಆಗಿಲ್ಲ ಅಂತಾನೇ," ಎಂದು ನಗುತ್ತಾರೆ. ಸುತ್ತಲಿನ ಫಾರಂಗಳಲ್ಲಿ ಅವರು ಎಲ್ಲರಿಗೂ ಕಾಲುಚೀಲದಕ್ಕ.

ಆ ಚೀಲ ಐಸ್ ಪೆಟ್ಟಿಗೆಯಲ್ಲಿ ಪಶುರೋಗ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾ ಯಾವ ಆ್ಯಂಟಿಬಯಾಟಿಕ್‌ಗೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಅಲ್ಲಿ ನೋಡುತ್ತಾರೆ. ಇಂದು ಕೋಳಿಯ ಹೊಟ್ಟೆಯಲ್ಲಿ ಜಗ್ಗದ್ದು ನಾಳೆ ಮನುಷ್ಯರ ಮೈಗೂ ಬರಬಹುದು. ಅಕ್ಕನ ಊಟದ ಪೆಟ್ಟಿಗೆಯೂ ಆ ಐಸ್ ಪೆಟ್ಟಿಗೆಯ ಬಣ್ಣದ್ದೇ. "ನಮ್ಮನೆಯವ್ರು ಎರಡನ್ನೂ ಮುಟ್ಟಲ್ಲ, ಯಾವ್ದಕ್ಕೂ ಇರ್ಲಿ ಅಂತ!"

ಬಸ್ ಮೆಕ್ಯಾನಿಕ್ ಆಗಿರುವ ಅಕ್ಕನ ಗಂಡ ಒಮ್ಮೆ ಕಾಲಿನ ಗಾಯಕ್ಕೆ ಸೋಂಕು ತಗುಲಿ ಹಾಸಿಗೆ ಹಿಡಿದಿದ್ದರು. ಯಾವ ಮದ್ದೂ ನಾಟಲಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಯಾರೋ ಕೀವು ಪರೀಕ್ಷಿಸಿ, ಕೆಲಸ ಮಾಡುವ ಒಂದು ಔಷಧಿ ಹುಡುಕಿಕೊಟ್ಟರು. ಜೀವ ಉಳಿಯಿತು. ಅಕ್ಕ ಈ ಕೆಲಸಕ್ಕೆ ಸೇರಿದ್ದು ಆಮೇಲೆ.

ಇದೇ ಫಾರಂನಲ್ಲಿ ಕಳೆದ ವರ್ಷ ಅಕ್ಕನಿಂದ ಒಂದು ಎಡವಟ್ಟಾಯಿತು. ಮಳೆ ಜೋರಾಗಿತ್ತೆಂದು ಗಾಡಿಯಲ್ಲೇ ಚೀಲ ಹಾಕಿಕೊಂಡು ಬಂದವರು, ಬಾಗಿಲ ಬಳಿ ಬೂಟು ಅದ್ದಲು ಇಟ್ಟಿದ್ದ ಕ್ರಿಮಿನಾಶಕದ ತೊಟ್ಟಿಯಲ್ಲಿ ಕಾಲಿಟ್ಟರು. ಚೀಲದಲ್ಲಿ ಸಿಗಬೇಕಾದ ಜೀವಿಗಳು ಅಲ್ಲೇ ಸತ್ತವು. ಅವಸರದಲ್ಲಿ ಅದು ತಲೆಗೇ ಹೋಗಲಿಲ್ಲ. ವರದಿ "ತೊಂದರೆ ಇಲ್ಲ" ಎಂದು ಬಂತು, ಮಾಲೀಕ ಅದನ್ನು ಕಚೇರಿಯ ಗೋಡೆಗೆ ಅಂಟಿಸಿದ. ಅದನ್ನು ಕಂಡಾಗಲೇ ಅಕ್ಕನಿಗೆ ತೊಟ್ಟಿಯಲ್ಲಿ ಒದ್ದೆಯಾದ ಚೀಲ ನೆನಪಾಯಿತು.

ಬಾಯಿ ಬಿಟ್ಟರೆ ಮಾಲೀಕ ಇನ್ನು ಅವರಿಗೆ ಗೇಟು ಮುಚ್ಚಬಹುದು. ಪರೀಕ್ಷೆಗೆ ಮೊದಲು ಒಪ್ಪಿದವನೇ ಈತ. ಇವನನ್ನು ನೋಡಿ ಒಪ್ಪಿದ ಉಳಿದವರೂ ಮುಚ್ಚುತ್ತಾರೆ. ಆದರೂ ಹೇಳಿದರು.

"ನಿಮ್ಮ ತಪ್ಪಿಗೆ ನನ್ನ ಮರ್ಯಾದೆ ಯಾಕ್ರೀ ಹೋಗ್ಬೇಕು?" ಎಂದು ಆತ ಕೂಗಾಡಿದ.

"ತಪ್ಪು ನಂದೇ ಅಣ್ಣ. ಇನ್ನೊಂದ್ಸಲ ನಡೀತೀನಿ, ಒಳಗೆ ಬಿಡಿ."

ಗೊಣಗುತ್ತಲೇ ಬಿಟ್ಟ. ಎರಡನೇ ನಡಿಗೆಯಲ್ಲಿ ನಿಜ ಹೊರಬಿತ್ತು: ಆತ ಯಾರನ್ನೂ ಕೇಳದೆ ಕೋಳಿಗಳ ಕುಡಿಯುವ ನೀರಿಗೆ ಬೆರೆಸುತ್ತಿದ್ದ ಔಷಧಿಗೆ ಅಲ್ಲಿನ ಬ್ಯಾಕ್ಟೀರಿಯಾ ಕ್ಯಾರೇ ಎನ್ನುತ್ತಿರಲಿಲ್ಲ. ಬೆರೆಸಿದಷ್ಟೂ ಅದು ಇನ್ನಷ್ಟು ಜಗ್ಗದಂತಾಗುತ್ತದೆ ಎಂದು ತಿಳಿದ ಮೇಲೆ ಆತ ಬೆರೆಸುವುದನ್ನು ನಿಲ್ಲಿಸಿದ. ಈಗ ಡಾಕ್ಟರು ಹೇಳಿದಾಗ ಮಾತ್ರ ಕೊಡುತ್ತಾನೆ.

"ಅವ್ರು ಸುಮ್ನಿದ್ದಿದ್ರೆ ನಾನು ಇವತ್ತಿಗೂ ಸುರೀತಾನೇ ಇರ್ತಿದ್ದೆ. ನನ್ನ ಮಕ್ಕಳೂ ಇಲ್ಲೇ ಓಡಾಡೋದು," ಎನ್ನುತ್ತಾನೆ. ಹಾಗೆಂದು ಕಿಚಾಯಿಸುವುದನ್ನೇನೂ ಬಿಟ್ಟಿಲ್ಲ. "ಅಕ್ಕ, ತೊಟ್ಟಿ ಇದೆ, ಜೋಪಾನ!" ಎಂದು ಹೊರಗಿನಿಂದ ಕೂಗುತ್ತಾನೆ.

ಅಕ್ಕ ಕೊಳೆ ಚೀಲ ಬಿಚ್ಚಿ, ಕವರಿಗೆ ಹಾಕಿ, ಬಾಯಿ ಕಟ್ಟುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಕವರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತುತ್ತಾ ಹೇಳುತ್ತಾರೆ.

"ನಮ್ಮನೆಯವ್ರ ಕೀವು ನೋಡಿದ್ರಲ್ಲ, ಅವ್ರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸಿಕ್ಕಿದ್ರೆ ಒಂದು ಲೋಟ ಟೀ ಕುಡಿಸ್ಬೇಕು. ಸಿಗೋವರ್ಗೂ ಹೀಗೇ ನಡೀತಿರ್ತೀನಿ."