ನೀಲಿ ಅಂಗಿಯ ಸರದಿ

ನಮ್ಮ ಚಿಕ್ಕಮ್ಮನನ್ನು ಬೀದಿಯವರೆಲ್ಲ ಸ್ಟುಡಿಯೋ ಅಕ್ಕ ಎಂದೇ ಕರೆಯುತ್ತಾರೆ. ದೊಡ್ಡಾಸ್ಪತ್ರೆಯ ಎದುರು, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಹಿಂಡಿಕೊಂಡು ಕೂತಿರುವ ಅವಳ ಸ್ಟುಡಿಯೋದಲ್ಲಿ ಒಂದು ತಿರುಗುವ ಸ್ಟೂಲು, ಒಂದು ಬಿಳಿ ಪರದೆ, ಗೋಡೆಗೊಂದು ಕನ್ನಡಿ. ಕನ್ನಡಿಯ ಬಾಚಣಿಗೆಯನ್ನು ದಾರದಲ್ಲಿ ಕಟ್ಟಿಟ್ಟಿದ್ದಾಳೆ. ಇಲ್ಲದಿದ್ದರೆ ಜನ ಮುಖವನ್ನು ಇಲ್ಲಿ ಬಿಟ್ಟು ಬಾಚಣಿಗೆಯನ್ನು ಮನೆಗೆ ಒಯ್ಯುತ್ತಾರಂತೆ. ಮದುವೆಯ ಮಾತೆತ್ತಿದವರಿಗೆಲ್ಲ ಅವಳದು ಒಂದೇ ಉತ್ತರ: “ಕ್ಯಾಮೆರಾನ ಕಟ್ಕೊಂಡಿದೀನಲ್ಲ, ಹೇಳಿದ ಹಾಗೆ ಕೇಳುತ್ತೆ.”

ಇಂಥವಳು ಐವತ್ತರ ಹೊಸ್ತಿಲಲ್ಲಿ ಸಮುದ್ರ ದಾಟಿ ಹೊರಟಳು. ಆಸ್ಪತ್ರೆಯ ಡಾಕ್ಟರೊಬ್ಬರು ಸೇರಿಕೊಂಡಿದ್ದ ಸಂಸ್ಥೆಯೊಂದು ದೂರದೇಶದ ಬಂದರು ಕೂಲಿಗಳ ಬೀದಿಯಲ್ಲಿ ಶಾಲೆ ಕಟ್ಟುತ್ತಿತ್ತು. ಅದರ ಪುಸ್ತಿಕೆಗೆ ಚಿತ್ರ ತೆಗೆಯುವವರು ಬೇಕಾಗಿದ್ದರು. ಊಟ ವಸತಿ ಅವರದು, ಸಂಬಳ ಇಲ್ಲ. “ಇಷ್ಟು ದಿನ ತಗೊಂಡಿದ್ದಾಯ್ತು, ಒಂದಿಷ್ಟು ಕೊಟ್ಟು ಬರ್ತೀನಿ,” ಎಂದು ಚಿಕ್ಕಮ್ಮ ಸ್ಟುಡಿಯೋಗೆ ಬೀಗ ಹಾಕಿದಳು. ಬಟ್ಟೆಗಿಂತ ಹೆಚ್ಚಾಗಿ ಫೋಟೋ ಕಾಗದವನ್ನೂ ಸಣ್ಣ ಪ್ರಿಂಟರನ್ನೂ ತುಂಬಿಕೊಂಡಳು. ಹೊಸ ಚಪ್ಪಲಿಯನ್ನೂ ಕೊಂಡಳು.

ಅಲ್ಲಿ ಸಂಸ್ಥೆಯ ಮೇಲ್ವಿಚಾರಕ ನಮ್ಮ ಕಡೆಯವನೇ. ನಿದ್ದೆಗೆಟ್ಟ ಮುಖದ ಸಣಕಲ. ಮೊದಲ ದಿನವೇ ಕರೆದು ಹೇಳಿದ: “ನೋಡಿ ಮೇಡಂ, ಕಷ್ಟ ಕಾಣ್ಬೇಕು. ನಗೋ ಫೋಟೋ ಬೇಡ. ನೋಡಿದೋರ ಕರುಳು ಚುರ್ ಅನ್ಬೇಕು, ಆಗ್ಲೇ ನಾಲ್ಕು ಗೋಡೆ ಏಳೋದು.”

ಚಿಕ್ಕಮ್ಮನಿಗೆ ಕೆಲಸ ಹೇಳಿದರೆ ಮುಗಿಯಿತು. ತಗಡಿನ ಬಾಗಿಲು, ಕೊಚ್ಚೆಯಲ್ಲಿ ಬರಿಗಾಲು, ಹರಿದ ತೋಳು, ಎಲ್ಲವನ್ನೂ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಮೇಲ್ವಿಚಾರಕ ನೋಡಿ, “ಕಣ್ಣಲ್ಲಿ ನೀರು ಬರುತ್ತೆ ಮೇಡಂ,” ಎಂದು ಹೊಗಳಿದ. ಚಿಕ್ಕಮ್ಮ ಉಬ್ಬಿಹೋದಳು.

ಸಂಜೆ ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದು, ತೆಗೆದ ಫೋಟೋ ತೋರಿಸೆಂದು ಸನ್ನೆ ಮಾಡಿದಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವಳದೇ ಮಗು, ಮೂಗು ಸುರಿಸುತ್ತಾ, ಕೆದರಿದ ಕೂದಲಲ್ಲಿ. ಆಕೆ ಜಗಳವಾಡಲಿಲ್ಲ. ಬಟ್ಟೆಯ ತುದಿಯಿಂದ ಮಗುವಿನ ಮೂಗು ಒರೆಸಿದಳು, ಬೆರಳಿಗೆ ಎಂಜಲು ಹಚ್ಚಿ ಕೂದಲು ತೀಡಿದಳು, ನೆಟ್ಟಗೆ ನಿಂತಳು. ಈಗ ತೆಗಿ ಎಂಬಂತೆ ಗಲ್ಲ ಎತ್ತಿದಳು.

ಚಿಕ್ಕಮ್ಮ ತೆಗೆದಳು. ಅಲ್ಲೇ ಪ್ರಿಂಟ್ ಹಾಕಿ ಕೈಗೆ ಕೊಟ್ಟಳು.

ಮಾತು ಬೀದಿ ತುಂಬ ಹಬ್ಬಿತು. ಮರುದಿನ ಬೆಳಿಗ್ಗೆ ಅರ್ಧ ಕಟ್ಟಿದ ಶಾಲೆಯ ಮುಂದೆ ಜನವೋ ಜನ. ಮಿಂದ ಮಕ್ಕಳು, ಎಣ್ಣೆ ಹಚ್ಚಿದ ತಲೆಗಳು, ಪೆಟ್ಟಿಗೆಯ ವಾಸನೆಯ ಬಟ್ಟೆಗಳು. ನೀಲಿ ಅಂಗಿಯ ಹುಡುಗನೊಬ್ಬ ಎದೆಯುಬ್ಬಿಸಿ ನಿಂತು ಹೋದ. ಸ್ವಲ್ಪ ಹೊತ್ತಿಗೆ ಅದೇ ನೀಲಿ ಅಂಗಿ ಅವನ ತಮ್ಮನ ಮೈಮೇಲೆ ಬಂತು. ಮೂರನೆಯ ಸಲ ಒಬ್ಬ ಪುಟಾಣಿ ತಂಗಿಯ ಮೈಮೇಲೆ, ಮೊಣಕಾಲು ಮುಟ್ಟುತ್ತಾ. ಗೋಡೆಯ ಹಿಂದೆ ಅಂಗಿಯಿಲ್ಲದ ಅಣ್ಣಂದಿರಿಬ್ಬರು ಕಿಸಿಕಿಸಿ ನಗುತ್ತಿದ್ದರು.

ಕ್ಯಾಮೆರಾ ಕೆಳಗಿಳಿಸಿದ ಚಿಕ್ಕಮ್ಮ ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟಳಂತೆ.

ನನ್ನ ಅಮ್ಮನಿಗೂ ಅವಳಿಗೂ ಬಾಲ್ಯದ ಫೋಟೋ ಒಂದೊಂದೇ. ಎರಡರಲ್ಲೂ ಒಂದೇ ಫ್ರಾಕು. ಅಜ್ಜಿ ಪಾತ್ರೆ ತೊಳೆಯುತ್ತಿದ್ದ ಮನೆಯಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದದ್ದು. ಅಮ್ಮ ತೊಟ್ಟು ತೆಗೆಸಿಕೊಂಡಳು. ಬಿಚ್ಚಿ ತಂಗಿಗೆ ಕೊಟ್ಟಳು. ಫೋಟೋದವನು ಲೈಟು ಸರಿಮಾಡುವ ನೆಪದಲ್ಲಿ ಗೋಡೆಯತ್ತ ತಿರುಗಿ ನಿಂತಿದ್ದನಂತೆ. ನಮ್ಮಮ್ಮ ಇದನ್ನು ಬಂದವರಿಗೆಲ್ಲ ನಗುನಗುತ್ತಾ ಹೇಳುತ್ತಾಳೆ. ಚಿಕ್ಕಮ್ಮ ಮಾತ್ರ ಆಗೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಬಡತನ ಕಳೆದರೂ ಅದರ ನಾಚಿಕೆ ಅವಳಿಂದ ಕಳೆದಿರಲಿಲ್ಲ.

ಇಟ್ಟಿಗೆಗಳ ಮೇಲೆ ಕೂತಾಗ ಅವಳಿಗೆ ಹೊಳೆದದ್ದು ಇಷ್ಟೇ: ಆವತ್ತು ಫೋಟೋದವನೂ ‘ಕಷ್ಟ ಕಾಣ್ಬೇಕು’ ಎಂದಿದ್ದರೆ? ಹರಿದ ಲಂಗದ, ಸಿಂಬಳದ ಒಬ್ಬ ಹುಡುಗಿಯೇ ಅವಳ ಇಡೀ ಬಾಲ್ಯವಾಗಿ ಉಳಿಯುತ್ತಿದ್ದಳು. ನಿನ್ನೆ ಅದೇ ಕೆಲಸವನ್ನು ತಾನು ಮಾಡಿ, ಹೊಗಳಿಸಿಕೊಂಡೂ ಬಂದಿದ್ದಳು. ಬೇಕಾದಾಗ ವಿಮಾನ ಹತ್ತಿ ಹೋಗಬಲ್ಲವಳು, ಇಲ್ಲೇ ಉಳಿಯುವವರ ಮುಖ ಹೇಗೆ ಕಾಣಬೇಕೆಂದು ನಿರ್ಧರಿಸಲು ಹೊರಟಿದ್ದಳು. ಆಮೇಲೆ ಗೋಡೆಯ ಹಿಂದಿನ ಕಿಸಿಕಿಸಿ ಅವಳಿಗೂ ಅಂಟಿತು. ಅಳುತ್ತಿದ್ದೆನೋ ನಗುತ್ತಿದ್ದೆನೋ ತನಗೇ ಗೊತ್ತಾಗಲಿಲ್ಲ ಎಂದು ಹೇಳಿದಳು.

ಮೊದಲ ದಿನದ ಚಿತ್ರಗಳನ್ನೆಲ್ಲ ಅಳಿಸಿಹಾಕಿ ಮೇಲ್ವಿಚಾರಕನಿಗೆ ಹೊಸವನ್ನು ತೋರಿಸಿದಳು. ಅವನು ತಲೆಮೇಲೆ ಕೈ ಹೊತ್ತ.

“ಇದೇನ್ರಿ, ಮದುವೆ ದಿಬ್ಬಣದ ಥರ ಇದೆ. ಇದನ್ನ ನೋಡಿ ಯಾರು ಕೊಡ್ತಾರೆ?”

“ಮಗು ಚೆನ್ನಾಗಿದೆ ಅಂತ ಶಾಲೆ ಬೇಡ್ವಾ? ನಿಮ್ಮ ಮನೇಲಿ ಮಕ್ಕಳ ಮೂಗು ಒರೆಸದೆ ಫೋಟೋ ತೆಗೀತಾರಾ?”

“ಹಳೇದು ಒಂದಾದ್ರೂ ಇದ್ದಿದ್ರೆ...”

“ಒಂದೂ ಇಲ್ಲ. ಇರೋದು ಇವೇ. ಹಾಕಿ, ಇಲ್ಲ ಬಿಡಿ.”

ಅವನು ಗೊಣಗುತ್ತಲೇ ಹಾಕಿದ. ಮುಖಪುಟಕ್ಕೆ ಮೂವರು, ಮೂರು ಫೋಟೋ, ಒಂದೇ ನೀಲಿ ಅಂಗಿ.

ಉಳಿದ ದಿನಗಳು ಜಾತ್ರೆಯಂತೆ ಕಳೆದವು. ಚಿಕ್ಕಮ್ಮನ ಕೈಗಡಿಯಾರ, ಕನ್ನಡಕ, ಹೊಸ ಚಪ್ಪಲಿ ಬೀದಿಯ ಸೊತ್ತಾದವು. ಕೂಲಿಗಳಿಗೆ ಚಹಾ ಮಾರುವ ಮುದುಕಿಯೊಬ್ಬಳು ಮೂರನ್ನೂ ಧರಿಸಿ ರಾಣಿಯಂತೆ ಕೂತಳು. ಪ್ರಿಂಟ್ ನೋಡಿ, ಈ ಸುಕ್ಕುಗಳು ನನ್ನವಲ್ಲ ಎಂಬಂತೆ ಕೆನ್ನೆ ಎಳೆದು ತೋರಿಸಿ ತಕರಾರು ತೆಗೆದಳು. ಚಿಕ್ಕಮ್ಮನಿಗೆ ಪ್ರೀತಿ ಉಕ್ಕಿ, ಚಪ್ಪಲಿ ನೀನೇ ಇಟ್ಟುಕೋ ಎಂದು ದೊಡ್ಡ ದಾನಿಯ ಠೀವಿಯಲ್ಲಿ ಸನ್ನೆ ಮಾಡಿದಳು. ಮುದುಕಿ ನಾಲ್ಕು ಹೆಜ್ಜೆ ಹಾಕಿದಳು, ಚಪ್ಪಲಿ ಬಿಚ್ಚಿ ವಾಪಸು ಕೊಟ್ಟಳು. ಕಾರಣ ತಿಳಿಸಲು ಚಿಕ್ಕಮ್ಮನ ತೋಳನ್ನು ಚೆನ್ನಾಗಿಯೇ ಚಿವುಟಿದಳು: ಕಚ್ಚುತ್ತೆ.

“ನಿಜವೇ ಕಣೆ,” ಎಂದು ಚಿಕ್ಕಮ್ಮ ನನಗೆ ಹೇಳಿದಳು. “ನನಗೂ ಕಚ್ತಾ ಇತ್ತು. ಹೊಸದು ಅಂತ ಸುಮ್ನಿದ್ದೆ.”

ಹೊರಡುವ ದಿನ ಸಾಮಾನು ಕಟ್ಟುತ್ತಿದ್ದಾಗ ಮೇಲ್ವಿಚಾರಕ ಬಾಗಿಲಲ್ಲಿ ಬಂದು ನಿಂತ. ಕ್ಷೌರ ಮಾಡಿಕೊಂಡಿದ್ದ.

“ಕಾಗದ ಉಳಿದಿದ್ರೆ ನಂದೂ ಒಂದು ತೆಗೀತೀರಾ? ಅಮ್ಮನಿಗೆ ಕಳಿಸ್ಬೇಕು. ಸೊರಗಿದೀನಿ ಅಂತ ಫೋನಲ್ಲೇ ಅಳ್ತಾಳೆ.”

ಚಿಕ್ಕಮ್ಮ ಕಟ್ಟಿದ ಗಂಟು ಬಿಚ್ಚಿದಳು. ಚಹಾದ ಮುದುಕಿ ಓಡಿ ಬಂದು ಅವನ ಕಾಲರು ಸರಿಮಾಡಿದಳು, ಅಷ್ಟಕ್ಕೇ ತೃಪ್ತಿಯಾಗದೆ ಕೆನ್ನೆ ತಟ್ಟಿ ಬಣ್ಣ ಬರಿಸಿದಳು. ಮಕ್ಕಳೆಲ್ಲ ಸುತ್ತ ನೆರೆದು ಅವನನ್ನು ನಗಿಸಲು ಹಲ್ಲು ಕಿಸಿದವು.